ಮಳೆಯ ಕೆಳಗೆ ಗದ್ದೆ ಇಟ್ಟರೆ ಗುಡುಗು ಹೇಗಾಯಿತು? ಚೀನೀ ಅಕ್ಷರ ‘ಲೇಯ್’ ಬಗ್ಗೆ

ಸಿಂಗಪುರದ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲಿ ಶಾಲೆಯಲ್ಲಿ ಚೀನೀ ಭಾಷೆ ಕಲಿಯುತ್ತಿದ್ದಾಳೆ. ಈ ವಾರದ ಕಾರ್ಡುಗಳಲ್ಲಿ ಗುಡುಗಿನ ಅಕ್ಷರ ಬಂದಿದೆ. ‘ಲೇಯ್’ ಅಂತ ಓದಬೇಕು, ದನಿ ಕೆಳಗಿಂದ ಮೇಲಕ್ಕೆ ಏರಬೇಕು. ಅಕ್ಷರದಲ್ಲಿ ಎರಡು ಭಾಗ: ಮೇಲೆ ಮಳೆ, ಕೆಳಗೆ ಗದ್ದೆ. ಕಾರ್ಡಿನ ಹಿಂಬದಿಯಲ್ಲಿ ‘ಗದ್ದೆಯ ಮೇಲೆ ಮಳೆ ಬರುವಾಗ ಗುಡುಗುತ್ತದೆ’ ಅಂತ ಬರೆದಿದ್ದಾರೆ. ಮಗಳಿಗೆ ಅದು ಸಾಕು. ನನಗೆ ಸಾಲಲಿಲ್ಲ. ಗದ್ದೆಗೆ ಮಳೆ ಬಿದ್ದರೆ ನಾಟಿ ಅಂತಲೋ ಬೆಳೆ ಅಂತಲೋ ಅರ್ಥ ಬರಬೇಕಿತ್ತು ಅಲ್ವಾ? ಗುಡುಗು ಎಲ್ಲಿಂದ ಬಂತು? ಗೊತ್ತಿದ್ದವರು ಬಿಡಿಸಿ ಹೇಳಿ. ಅಕ್ಷರವನ್ನೇ ಇಲ್ಲಿ ಅಂಟಿಸಲು ನೋಡಿದೆ, ಬರೀ ಚೌಕದ ಡಬ್ಬಿ ಕಾಣಿಸುತ್ತಿದೆ.

ಪಾಸ್‌ವರ್ಡ್_ಮರೆತವ

ಡಬ್ಬಿ ಬಂದರೆ ಅರ್ಧ ಅಕ್ಷರ ಬಂದ ಹಾಗೇ ಅಕ್ಕ. ಅದರೊಳಗೆ ಒಂದು ಕೂಡಿಸುವ ಗುರುತು ಹಾಕಿ, ಗದ್ದೆ ಆಯಿತು. ಮಳೆ ಮಾತ್ರ ನೀವೇ ಬರೆದುಕೊಳ್ಳಿ.

ಲಿಪಿಹುಚ್ಚ

ನಿಮ್ಮ ಅನುಮಾನ ಸರಿಯಾಗಿದೆ. ಕೆಳಗಿರುವುದು ಗದ್ದೆಯೇ ಅಲ್ಲ. ನೋಡಲು ಗದ್ದೆಯ ಅಕ್ಷರದ ಹಾಗೆ ಇದೆ, ಅಷ್ಟೇ.

ಚೀನಾದಲ್ಲಿ ಸಿಕ್ಕಿರುವ ಹಳೆಯ ಬರಹ ಅಂದರೆ ಶಾಂಗ್ ಅರಸರ ಕಾಲದ್ದು. ಇವತ್ತಿಗೆ 3,000 ವರ್ಷಕ್ಕೂ ಹಿಂದಿನದು. ಆಮೆಯ ಚಿಪ್ಪು, ಎತ್ತಿನ ಹೆಗಲೆಲುಬುಗಳ ಮೇಲೆ ಕೊರೆದಿದ್ದಾರೆ. ಅವು ಶಕುನ ಕೇಳಿದ ಎಲುಬುಗಳು. ಅರಸನ ಕಡೆಯವರು ಎಲುಬಿಗೆ ಕಾವು ಕೊಟ್ಟು, ಬಿರುಕು ಬಿಟ್ಟ ರೀತಿ ನೋಡಿ ಉತ್ತರ ಹೇಳುತ್ತಿದ್ದರು. ಕೇಳಿದ ಪ್ರಶ್ನೆಯನ್ನು ಪಕ್ಕದಲ್ಲೇ ಕೊರೆಯುತ್ತಿದ್ದರು. ಅಂಥ ಒಂದು ಎಲುಬಿನಲ್ಲಿ ಈ ಪ್ರಶ್ನೆ ಇದೆ: ಈ 13ನೇ ತಿಂಗಳೊಳಗೆ ಮೇಲಿನ ದೇವರು ಗುಡುಗಿಗೆ ಅಪ್ಪಣೆ ಕೊಡುತ್ತಾನೋ? 13ನೇ ತಿಂಗಳು ಅಂದರೆ ಗಾಬರಿಯಾಗಬೇಡಿ, ನಮ್ಮ ಅಧಿಕ ಮಾಸದಂಥದ್ದೇ, ವರ್ಷದ ಕೊನೆಗೆ ಸೇರಿಸುತ್ತಿದ್ದರು.

ಆ ಕಾಲದ ‘ಲೇಯ್’ ಹೀಗಿತ್ತು. ನಡುವೆ ಡೊಂಕು ಡೊಂಕಾಗಿ ಇಳಿದ ಒಂದು ಗೆರೆ, ಅದು ಮಿಂಚು. ಆ ಗೆರೆಯ ಆಚೆ ಈಚೆ ಎರಡು ಸಣ್ಣ ಉರುಟು. ಕೆಲವು ಕಡೆ ಉರುಟಿನ ಬದಲು ಚೌಕ, ಕೆಲವು ಕಡೆ ಬರೀ ಚುಕ್ಕೆ. ಮಿಂಚನ್ನು ಕಣ್ಣಿಗೆ ಕಂಡ ಹಾಗೆ ಬರೆಯಬಹುದು. ಸದ್ದನ್ನು ಹೇಗೆ ಬರೆಯುವುದು? ಅದಕ್ಕೆ ಆ ಉರುಟುಗಳು.

ಆಮೇಲೆ ಕಂಚಿನ ಪಾತ್ರೆಗಳ ಮೇಲೆ ಬರೆಯುವ ಕಾಲ ಬಂತು. ಉರುಟುಗಳು ದೊಡ್ಡವಾದವು, ಒಳಗೆ ಅಡ್ಡ ಉದ್ದ ಗೆರೆ ಬಂದು ಗಾಲಿಯ ಅರಗಳ ಹಾಗೆ ಕಂಡವು, ಕೆಲವು ಕಡೆ ಲೆಕ್ಕ ನಾಲ್ಕಕ್ಕೆ ಏರಿತು. ಅದೇ ಸುಮಾರಿಗೆ ತಲೆಯ ಮೇಲೆ ಮಳೆಯನ್ನೂ ಕೂರಿಸಿದರು. ಮಳೆ ಬಂದ ಮೇಲೆ ನಡುವಿನ ಮಿಂಚು ಬೇಡವಾಯಿತು, ಬಿದ್ದುಹೋಯಿತು. ಉಳಿದದ್ದು ಮಳೆ ಮತ್ತು ಕೆಳಗೆ ಮೂರು ಉರುಟು. ಕೊರೆಯುವುದು ಹೋಗಿ ಕುಂಚದಲ್ಲಿ ಬೇಗ ಬೇಗ ಬರೆಯುವುದು ಬಂದಾಗ ಉರುಟು ಚೌಕವಾಯಿತು, ಮೂರು ಒಂದಾಯಿತು. ಮೂರು ಚೌಕ ಇಟ್ಟು ಬರೆದರೆ 23 ಗೆರೆ ಎಳೆಯಬೇಕು, ಒಂದಾದರೆ 13. ಗುಮಾಸ್ತರಿಗೆ ಯಾವುದು ಇಷ್ಟವಾಗಿರಬಹುದು ನೀವೇ ಹೇಳಿ.

ಹಾಗಾಗಿ ಕಾರ್ಡಿನ ಕತೆ ನೆನಪಿಟ್ಟುಕೊಳ್ಳಲು ಚೆನ್ನಾಗಿದೆ, ಹುಟ್ಟಿನ ಕತೆ ಅದಲ್ಲ.

ಮಲೆನಾಡ_ಮಾಣಿ

ಚಂದ ಹೇಳಿದಿರಿ. ಆದರೆ ಆ ಉರುಟು ಏನು ಅಂತ ಹೇಳದೆ ಜಾರಿಕೊಂಡಿರಿ ಮಾರಾಯ್ರೇ. ಗಾಲಿಯೋ, ಚರ್ಮವಾದ್ಯವೋ? ನಮ್ಮ ಕಡೆ ಆಷಾಢದಲ್ಲಿ ಗುಡ್ಡದ ಆಚೆ ಗುಡುಗುವುದನ್ನು ಕೇಳಿದವರಿಗೆ ಅದು ಚೆಂಡೆಯೇ. ಮೊದಲು ದೂರದಲ್ಲಿ ಸಣ್ಣಗೆ ನುಡಿಸಿ, ಆಮೇಲೆ ರಂಗದ ಮೇಲೆ ಬಂದು ಬಡಿಯುತ್ತದೆ. ನನ್ನ ಓಟು ವಾದ್ಯಕ್ಕೆ.

ಲಿಪಿಹುಚ್ಚ

ಓಟು ಹಾಕಿ ತೀರ್ಮಾನ ಮಾಡುವ ವಿಷಯ ಅಲ್ಲ ಇದು. ಆದರೆ ಎರಡೂ ಪಕ್ಷಕ್ಕೆ ಹಳೆಯ ಸಾಕ್ಷಿ ಇದೆ.

ಗಾಲಿ ಪಕ್ಷದ್ದು ಮೊದಲು. ಕ್ರಿ.ಪೂ. 2ನೇ ಶತಮಾನದ ‘ಹ್ವಾಯ್‌ನಾನ್‌ಜ಼’ ಎಂಬ ಗ್ರಂಥದಲ್ಲಿ ಆಕಾಶದಲ್ಲಿ ಸವಾರಿ ಹೊರಟವನಿಗೆ ಮಿಂಚೇ ಚಾಟಿ, ಗುಡುಗೇ ರಥದ ಗಾಲಿ. ಆಮೇಲೆ ಶೂ ಶೆನ್ ಬರುತ್ತಾನೆ. ಚೀನೀ ಅಕ್ಷರಗಳನ್ನು ಭಾಗ ಮಾಡಿ ವಿವರಿಸಿದ ಮೊದಲ ದೊಡ್ಡ ನಿಘಂಟು ಅವನದು, ಮುಗಿದದ್ದು ಕ್ರಿ.ಶ. 100ರಲ್ಲಿ. ಅವನು ಕೊಡುವ ವಿವರ: ಯಿನ್ ಮತ್ತು ಯಾಂಗ್ (ಚೀನೀಯರ ಪ್ರಕಾರ ಜಗತ್ತಿನ ಎರಡು ಎದುರುಬದುರು ಶಕ್ತಿಗಳು) ಒಂದನ್ನೊಂದು ಒತ್ತಿ ಅಲುಗಾಡಿದಾಗ ಗುಡುಗು ಮಳೆ, ಅದು ಜೀವಗಳನ್ನು ಹುಟ್ಟಿಸುತ್ತದೆ, ಕೆಳಗಿನ ಮೂರು ಚೌಕ ಸುತ್ತಿ ಸುತ್ತಿ ಉರುಳುವ ಆಕಾರ. ಅವನೂ ಗದ್ದೆ ಅನ್ನಲಿಲ್ಲ ನೋಡಿ. ಒಂದು ಮಾತು: ಶಾಂಗ್ ಕಾಲದ ಎಲುಬುಗಳು ಅವನ ಕಣ್ಣಿಗೆ ಬೀಳಲೇ ಇಲ್ಲ. ಅವು ಬರಹ ಅಂತ ವಿದ್ವಾಂಸರಿಗೆ ತಿಳಿದದ್ದು 1899ರಲ್ಲಿ. ಅಲ್ಲಿಯವರೆಗೆ ರೈತರಿಗೆ ಸಿಕ್ಕವು ಡ್ರ್ಯಾಗನ್ ಎಲುಬು ಅಂತ ನಾಟಿ ಔಷಧದ ಅಂಗಡಿಗೆ ಹೋಗುತ್ತಿದ್ದವು.

ಈಗ ಮಾಣಿಯ ಪಕ್ಷ. ಶೂ ಶೆನ್‌ನ ಕಾಲದಲ್ಲೇ ವಾಂಗ್ ಚೋಂಗ್ ಎಂಬ ಇನ್ನೊಬ್ಬ ಇದ್ದ. ಯಾವುದನ್ನೂ ಸುಮ್ನೆ ನಂಬದ ಮನುಷ್ಯ. ಅವನು ತನ್ನ ಕಾಲದ ಚಿತ್ರಕಾರರನ್ನು ಬೈಯುತ್ತಾನೆ. ಗುಡುಗು ಬರೆಯಿರಿ ಅಂದರೆ ಸಾಲಾಗಿ ಪೋಣಿಸಿದ ನಗಾರಿಗಳನ್ನು ಬರೆಯುತ್ತಾರೆ, ಜೊತೆಗೆ ಒಬ್ಬ ಜಟ್ಟಿಯನ್ನು ಬರೆದು ‘ಲೇಯ್ ಗೋಂಗ್’ ಅನ್ನುತ್ತಾರೆ, ಅವನ ಎಡಗೈಯಲ್ಲಿ ನಗಾರಿಗಳ ಸರ, ಬಲಗೈಯಲ್ಲಿ ಕೊಡತಿ. ಲೇಯ್ ಗೋಂಗ್ ಅಂದರೆ ಗುಡುಗಪ್ಪ ಅಂತಿಟ್ಟುಕೊಳ್ಳಿ. ಇದೆಲ್ಲ ಸುಳ್ಳು ಅನ್ನುತ್ತಾನೆ ವಾಂಗ್ ಚೋಂಗ್. ಯಾರಿಗಾದರೂ ಸಿಡಿಲು ಬಡಿದರೆ, ಆತ ಗುಟ್ಟಾಗಿ ಇನ್ನೊಬ್ಬರಿಗೆ ಕೊಳಕು ತಿನ್ನಿಸಿರಬೇಕು, ಅದಕ್ಕೇ ಆಕಾಶ ಸಿಟ್ಟಾಯಿತು ಅಂತ ಜನ ಆಡಿಕೊಳ್ಳುತ್ತಿದ್ದರಂತೆ. ಸತ್ತವನ ಮೈಮೇಲಿನ ಗೆರೆಗಳನ್ನು ತೋರಿಸಿ, ಆಕಾಶವೇ ತಪ್ಪು ಬರೆದಿಟ್ಟಿದೆ ಅನ್ನುತ್ತಿದ್ದರಂತೆ. ವಾಂಗ್ ಚೋಂಗ್ ಹೇಳುವುದು ಇಷ್ಟು: ಹೆಣದ ಹತ್ತಿರ ಹೋಗಿ ನೋಡಿ. ತಲೆಗೆ ಬಡಿದಿದ್ದರೆ ಕೂದಲು ಸುಟ್ಟಿದೆ, ಮೈಗೆ ಬಡಿದಿದ್ದರೆ ಚರ್ಮ ಕರಕಲಾಗಿದೆ, ಸುಟ್ಟ ವಾಸನೆ ಬರುತ್ತದೆ. ಇದು ಬೆಂಕಿ, ಬರಹವಲ್ಲ. ಸುಮಾರು 1,900 ವರ್ಷದ ಹಿಂದೆ!

ನನಗೆ ಕೇಳಿದರೆ ಕಂಚಿನ ಮೇಲಿನ ಆಕಾರ ಗಾಲಿಗೇ ಹತ್ತಿರ. ಆದರೆ ಜನರ ಮನಸ್ಸಿನಲ್ಲಿ ಗೆದ್ದದ್ದು ನಗಾರಿ. ಇವತ್ತಿಗೂ ಇದೇ ಅಕ್ಷರದ ಪಕ್ಕಕ್ಕೆ ‘ಕೈ’ ಸೇರಿಸಿದರೆ ನಗಾರಿ ಬಡಿಯುವುದು ಅಂತ ಅರ್ಥ.

ಮಲೆನಾಡ_ಮಾಣಿ

ಗುಡುಗಿಗೆ ಕೈ ಕೊಟ್ಟರೆ ನಗಾರಿ. ಇದಕ್ಕಿಂತ ಸಾಕ್ಷಿ ಬೇಕೇ? ಕೇಸು ಮುಗಿಯಿತು.

ಲಿಪಿಹುಚ್ಚ

ಮುಗಿಯಲಿಲ್ಲ. ಅಲ್ಲಿ ‘ಲೇಯ್’ ಉಚ್ಚಾರಕ್ಕೂ ಕುಳಿತಿದೆ. ಇದರ ತಲೆಯ ಮೇಲೆ ಹುಲ್ಲಿನ ಗುರುತು ಹಾಕಿದರೆ ಹೂವಿನ ಮೊಗ್ಗು. ಪಕ್ಕದಲ್ಲಿ ಲೋಹದ ಗುರುತು ಇಟ್ಟರೆ ರೇಡಿಯಂ. ಮೊಗ್ಗು ಗುಡುಗುತ್ತದೆಯೇ?

ಶಾಸ್ತ್ರಿ_ಅಲ್ಲ

ನಗಾರಿಯ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳುತ್ತೇನೆ. ಇಲ್ಲಿ ನಮಗೂ ಚೀನಾಕ್ಕೂ ನಿಜವಾದ ಕೊಂಡಿ ಇದೆ. ಸದ್ಧರ್ಮಪುಂಡರೀಕ ಸೂತ್ರದಲ್ಲಿ ಒಬ್ಬ ಬುದ್ಧನ ಹೆಸರು ಮೇಘದುಂದುಭಿಸ್ವರರಾಜ. ಮೋಡವೆಂಬ ದುಂದುಭಿಯ ದನಿಗೆ ಒಡೆಯ. ಕುಮಾರಜೀವ ಇದನ್ನು ಕ್ರಿ.ಶ. 406ರಲ್ಲಿ ಚೀನೀ ಭಾಷೆಗೆ ತಂದಾಗ ಆ ಹೆಸರಿನಲ್ಲಿ ದುಂದುಭಿ ಇರುವ ಜಾಗಕ್ಕೆ ‘ಲೇಯ್’ ಬರೆದ. ಮೋಡ, ಗುಡುಗು, ದನಿ, ರಾಜ. ಸಂಸ್ಕೃತದ ಕವಿಗೆ ಮೋಡದೊಳಗೆ ದುಂದುಭಿ ಕೇಳಿತ್ತು. ಚೀನೀ ಓದುಗರಿಗೆ ‘ಲೇಯ್’ ಅಂದರೇ ಸಾಕು, ನಗಾರಿ ಅದರೊಳಗೇ ಇತ್ತು. ಮಾಣಿಯ ಪಕ್ಷಕ್ಕೆ ಇದೊಂದು ಅಂಕ ಕೊಡಿ.

ತೋಕಿಯೋ_ತಿಂಡಿಪೋತ

ಈ ಅಕ್ಷರವನ್ನು ದೊಡ್ಡದಾಗಿ ನೋಡಬೇಕು ಅಂದರೆ ತೋಕಿಯೋದ ಅಸಾಕುಸಕ್ಕೆ ಬನ್ನಿ. ಸೆನ್ಸೋಜಿ ದೇವಸ್ಥಾನದ ಹೆಬ್ಬಾಗಿಲಲ್ಲಿ ಕೆಂಪು ಕಾಗದದ ಲಾಂದ್ರ ತೂಗಿದೆ. 3.9 ಮೀಟರ್ ಎತ್ತರ, ಸುಮಾರು 700 ಕಿಲೋ. ಅದರ ಮೇಲೆ ಎರಡೇ ಅಕ್ಷರ, ಮೇಲಿನದು ಇದು, ಕೆಳಗಿನದು ಬಾಗಿಲು. ‘ಕಮಿನಾರಿಮೋನ್’, ಗುಡುಗು ಬಾಗಿಲು. ನಮ್ಮವರು ಜಪಾನಿಗೆ ಬಂದರೆ ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದೆ ಹೋಗುವುದಿಲ್ಲ. ಹತ್ತಿರ ಹೋಗಿ ನೋಡಿದರೆ ‘ಗದ್ದೆ’ಯ ಗೆರೆಗಳು ಒಬ್ಬ ಮನುಷ್ಯನ ತೋಳಿನಷ್ಟು ದಪ್ಪ. ತಲೆ ಎತ್ತಿ ಲಾಂದ್ರದ ತಳ ನೋಡಿ, ಅಲ್ಲಿ ಡ್ರ್ಯಾಗನ್ ಕೆತ್ತಿದ್ದಾರೆ, ತುಂಬಾ ಜನ ನೋಡುವುದೇ ಇಲ್ಲ. ಹಳೆಯ ಬಾಗಿಲು 1865ರಲ್ಲಿ ಸುಟ್ಟುಹೋಗಿತ್ತು. ಈಗಿನದು 1960ರದು, ಪ್ಯಾನಸೋನಿಕ್ ಕಟ್ಟಿದ ಮತ್ಸುಶಿತ ಕೋನೊಸುಕೆ ದುಡ್ಡು ಕೊಟ್ಟದ್ದು.

ಬಾಗಿಲಿನ ಎಡಕ್ಕೆ ಗುಡುಗು ದೇವರು ರೈಜಿನ್, ಬಲಕ್ಕೆ ಗಾಳಿ ದೇವರು ಫೂಜಿನ್. ರೈಜಿನ್ ಬೆನ್ನಿಗೆ ಬಳೆಯ ಹಾಗೆ ಸುತ್ತಿಕೊಂಡ ಚರ್ಮವಾದ್ಯಗಳು. ವಾಂಗ್ ಚೋಂಗ್ ಬೈದ ಚಿತ್ರವೇ ಸಮುದ್ರ ದಾಟಿ ಇಲ್ಲಿ ಕೂತಿದೆ ಅನ್ನಿಸುತ್ತದೆ.

ಜಪಾನಿನವರು ಅಕ್ಷರವನ್ನು ಚೀನಾದಿಂದ ತಂದರು, ಆದರೆ ತಮ್ಮ ಮನೆಯ ಹೆಸರು ಬಿಡಲಿಲ್ಲ. ಬೇರೆ ಪದದ ಜೊತೆ ಬಂದರೆ ಸಾಮಾನ್ಯವಾಗಿ ‘ರೈ’, ಒಂಟಿಯಾಗಿ ಬಂದರೆ ‘ಕಮಿನಾರಿ’. ಕಮಿ ಅಂದರೆ ದೇವರು, ನಾರಿ ಅಂದರೆ ಸದ್ದು ಮಾಡುವುದು. ದೇವರ ಸದ್ದು. ನಮ್ಮ ‘ನಾರಿ’ಗೂ ಇದಕ್ಕೂ ಸಂಬಂಧವಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಸಿಂಗಪುರದ_ಅಮ್ಮ

ಆಹಾ, ಇಷ್ಟೆಲ್ಲಾ ಇದೆಯಾ! ಗುಡುಗಿದಾಗ ಅಲ್ಲಿ ಮಕ್ಕಳಿಗೆ ಏನಾದರೂ ಹೇಳಿಸುತ್ತಾರಾ? ನಮ್ಮ ಮನೆಯಲ್ಲಿ ‘ಅರ್ಜುನಃ ಫಲ್ಗುಣಃ ಪಾರ್ಥಃ’ ಹೇಳಿಸುತ್ತಿದ್ದರು.

ತೋಕಿಯೋ_ತಿಂಡಿಪೋತ

ಇದೆ ಅಕ್ಕ. ‘ಕುವಾಬಾರ, ಕುವಾಬಾರ’ ಅನ್ನುತ್ತಾರೆ. ಅಂದರೆ ಹಿಪ್ಪುನೇರಳೆ ತೋಟ. ಇದರ ಹಿಂದೆ ಹೇಳುವ ಒಂದು ಕತೆ ಸುಗವಾರ ನೊ ಮಿಚಿಜಾನೆ ಎಂಬ ವಿದ್ವಾಂಸನದು. ಅರಮನೆಯ ರಾಜಕೀಯದಲ್ಲಿ ಸೋತು ಗಡೀಪಾರಾಗಿ 903ರಲ್ಲಿ ಸತ್ತ. 930ರಲ್ಲಿ ಕ್ಯೋಟೋ ಅರಮನೆಗೇ ಸಿಡಿಲು ಬಡಿದು ಜನ ಸತ್ತರು. ಇದು ಅವನ ಸಿಟ್ಟೇ ಅಂತ ಹೆದರಿ ಅವನನ್ನು ದೇವರು ಮಾಡಿದರು. ಕುವಾಬಾರ ಎಂಬ ಜಾಗ ಅವನ ಕುಟುಂಬದ್ದಂತೆ, ಅಲ್ಲಿ ಮಾತ್ರ ಸಿಡಿಲು ಬೀಳಲಿಲ್ಲವಂತೆ. ಅದಕ್ಕೇ ಆ ಹೆಸರು. ಈಗ ಅವನು ಓದಿನ ದೇವರು, ಪರೀಕ್ಷೆ ಬಂದರೆ ಹುಡುಗರೆಲ್ಲ ಅವನ ಗುಡಿಯಲ್ಲೇ. ಇನ್ನೊಂದು: ಗುಡುಗಿದಾಗ ಮಕ್ಕಳು ಹೊಕ್ಕುಳು ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ರೈಜಿನ್ ಕಿತ್ತುಕೊಂಡು ಹೋಗುತ್ತಾನೆ.

ಪಾಸ್‌ವರ್ಡ್_ಮರೆತವ

ಹಿಪ್ಪುನೇರಳೆ ಅಂದರೆ ಸಿಡಿಲು ಬರಲ್ಲ ಅನ್ನುವುದಾದರೆ ಶಿಡ್ಲಘಟ್ಟದವರು ಆರಾಮಾಗಿ ಮಲಗಬಹುದು.

ಚಿಕ್ಕಪೇಟೆ_ಲೈಟು

ದೇವರು ದಿಂಡರು ಆಯಿತು, ಈಗ ವ್ಯಾಪಾರದ ಮಾತು. ನಾನು ಗ್ವಾಂಗ್‌ಜೋದಿಂದ ಎಲ್‌ಇಡಿ ಲೈಟು ತರಿಸುವವನು. ಇವತ್ತಿನ ಚೀನೀಯರು ಈ ಪದವನ್ನು ಮೋಡಕ್ಕಿಂತ ಜಾಸ್ತಿ ಮೊಬೈಲಿನಲ್ಲಿ ಬಳಸುತ್ತಾರೆ.

ನೆಲಬಾಂಬಿಗೆ ಅವರು ‘ದೀ ಲೇಯ್’ ಅನ್ನುತ್ತಾರೆ, ನೆಲದ ಗುಡುಗು. ಟಾರ್ಪೆಡೋಗೆ ‘ಯೂ ಲೇಯ್’, ಮೀನು ಗುಡುಗು. ಕಂಪ್ಯೂಟರಿನಲ್ಲಿ ನಾವೆಲ್ಲ ಆಡಿದ ಮೈನ್‌ಸ್ವೀಪರ್ ಆಟ ಅವರಿಗೆ ‘ಸಾವ್ ಲೇಯ್’, ಗುಡುಗು ಗುಡಿಸುವುದು. ಹೀಗೆ ಬಾಂಬಿನ ದಾರಿಯಿಂದ ಬಂದು ಈಗ ‘ಲೇಯ್’ ಅಂದರೆ ಕಾಣದಂತೆ ಹೂತಿಟ್ಟ ಅಪಾಯ. ಕೆಟ್ಟ ಹೋಟೆಲಿಗೆ ಹೋಗಿ ದುಡ್ಡು ಕಳೆದುಕೊಂಡರೆ ‘ತ್ಸಾಯ್ ಲೇಯ್’, ಗುಡುಗು ತುಳಿದೆ. ಬೇರೆಯವರು ತುಳಿಯದಿರಲಿ ಅಂತ ಬರೆಯುವ ಪೋಸ್ಟಿಗೆ ‘ಬೀ ಲೇಯ್’, ಗುಡುಗು ತಪ್ಪಿಸುವುದು. ಶಿಯಾವ್‌ಹೋಂಗ್‌ಶೂ ಆ್ಯಪಿನಲ್ಲಿ ಒಂದು ಊರಿನ ಹೆಸರು ಹಾಕಿ ಜೊತೆಗೆ ಬೀ ಲೇಯ್ ಅಂತ ಹುಡುಕಿ, ಯಾವ ಹೋಟೆಲಿನಲ್ಲಿ ಹಾಸಿಗೆ ಸರಿ ಇಲ್ಲ, ಯಾವ ಅಂಗಡಿಯವ ತೂಕದಲ್ಲಿ ಮೋಸ ಮಾಡುತ್ತಾನೆ, ಎಲ್ಲ ಹೊರಗೆ ಬೀಳುತ್ತದೆ.

ಒಮ್ಮೆ ಒಬ್ಬ ಸಪ್ಲೈಯರ್ ಸ್ಯಾಂಪಲ್ ಒಂದು ಕಳಿಸಿ ಲೋಡಿನಲ್ಲಿ ಇನ್ನೊಂದು ತುಂಬಿದ. ಸ್ಯಾಂಪಲ್ಲಿನ ಹಿಂಬದಿ ಅಲ್ಯುಮಿನಿಯಂ, ಬಂದ ಮಾಲಿನ ಹಿಂಬದಿ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್. ಉಗುರಿನಲ್ಲಿ ಕೆರೆದರೆ ಬಣ್ಣ ಎದ್ದು ಬರುತ್ತಿತ್ತು. ಅಲ್ಲಿನ ನಮ್ಮ ಏಜೆಂಟ್ ಹುಡುಗಿಗೆ ಫೋಟೋ ಕಳಿಸಿದೆ. ಅವಳಿಂದ ಬಂದ ಉತ್ತರ ಎರಡೇ ಅಕ್ಷರ: ತ್ಸಾಯ್ ಲೇಯ್. ಅವತ್ತು ಕಲಿತ ಪದ ಇನ್ನೂ ಮರೆತಿಲ್ಲ.

ಲಿಪಿಹುಚ್ಚ

ಒಳ್ಳೆಯ ಉದಾಹರಣೆ. ಇದರ ಜೊತೆಗೆ ‘ಬಾವ್ ಲೇಯ್’ ಕೂಡ ಇದೆ, ಗುಡುಗು ಸ್ಫೋಟಿಸುವುದು. 2018ರಲ್ಲಿ ಚೀನಾದಲ್ಲಿ ಆನ್‌ಲೈನ್ ಸಾಲದ ಕಂಪನಿಗಳು ಸಾಲಾಗಿ ಮುಳುಗಿದವಲ್ಲ, ಆಗ ಪತ್ರಿಕೆಗಳಲ್ಲಿ ಎಲ್ಲಿ ನೋಡಿದರೂ ಇದೇ ಪದ. ಅದಕ್ಕೂ ಹತ್ತು ವರ್ಷ ಮೊದಲು, 2008ರ ಹೊತ್ತಿಗೆ, ಇಂಟರ್ನೆಟ್ಟಿನ ಹುಡುಗರು ಇನ್ನೊಂದು ಅರ್ಥ ಹುಟ್ಟಿಸಿದ್ದರು. ಏನಾದರೂ ನೋಡಿ ಬೆಪ್ಪಾಗಿ ನಿಂತರೆ ‘ನನಗೆ ಲೇಯ್ ಆಯಿತು’. ಸಿನಿಮಾದ ಅಸಂಬದ್ಧ ಸೀನು, ಯಾರದೋ ವಿಚಿತ್ರ ಬಟ್ಟೆ, ಎಲ್ಲದಕ್ಕೂ. ನಾವು ‘ತಲೆ ಮೇಲೆ ಸಿಡಿಲು ಬಿದ್ದ ಹಾಗಾಯ್ತು’ ಅನ್ನುತ್ತೇವಲ್ಲ, ಆದರೆ ದುಃಖಕ್ಕಲ್ಲ, ಮುಜುಗರಕ್ಕೆ.

ಮಲೆನಾಡ_ಮಾಣಿ

ಈಗ ಒಂದು ಅನುಮಾನ. ನಮ್ಮಲ್ಲಿ ಗುಡುಗು ಬೇರೆ, ಸಿಡಿಲು ಬೇರೆ, ಮಿಂಚು ಬೇರೆ. ಗುಡುಗಿಗೆ ಯಾರೂ ಸಾಯುವುದಿಲ್ಲ, ಸಿಡಿಲಿಗೆ ಸಾಯುತ್ತಾರೆ. ಲೇಯ್ ಯಾವುದು?

ಲಿಪಿಹುಚ್ಚ

ಗುಡುಗೂ ಹೌದು, ಸಿಡಿಲೂ ಹೌದು. ‘ದಾ ಲೇಯ್’ ಅಂದರೆ ಗುಡುಗುವುದು, ಅಕ್ಷರಶಃ ಗುಡುಗು ಹೊಡೆಯುವುದು. ಕಟ್ಟಡದ ಮೇಲೆ ಹಾಕುವ ಮಿಂಚುಕಂಬಿಗೆ ‘ಬೀ ಲೇಯ್ ಜೆನ್’, ಅಂದರೆ ಲೇಯ್ ತಪ್ಪಿಸುವ ಸೂಜಿ. ಆಣೆ ಹಾಕುವಾಗ ‘ಸುಳ್ಳಾಡಿದ್ದರೆ ನನಗೆ ಲೇಯ್ ಬಡಿಯಲಿ’ ಅನ್ನುತ್ತಾರೆ, ಅಲ್ಲಿ ಅದು ನಮ್ಮ ಸಿಡಿಲೇ.

ಮಿಂಚಿನ ಕತೆ ಬೇರೆ. ಹಳೆಯ ಎಲುಬಿನ ಆ ಡೊಂಕು ಗೆರೆ ನೆನಪಿದೆಯಾ? ಅದನ್ನು ಪಂಚಾಂಗದವರು ಬೇರೆ ಲೆಕ್ಕಕ್ಕೆ ಎಳೆದುಕೊಂಡರು. ಆಗ ಮಿಂಚಿಗೂ ತಲೆಯ ಮೇಲೆ ಮಳೆ ಕೊಟ್ಟು ‘ದ್ಯೆನ್’ ಎಂಬ ಅಕ್ಷರ ಮಾಡಿದರು. ಕರೆಂಟ್ ಬಂದ ಕಾಲಕ್ಕೆ ಅದಕ್ಕೂ ಅದೇ ಅಕ್ಷರ. ಫೋನ್ ಮಿಂಚು ಮಾತು, ಕಂಪ್ಯೂಟರ್ ಮಿಂಚು ಮಿದುಳು. ನಾವೂ ಹಾಗೇ ಮಾಡಿದ್ದೇವೆ, ವಿದ್ಯುತ್ ಅಂದರೆ ಮೊದಲು ಮಿಂಚೇ ತಾನೆ? 1950ರ ದಶಕದಲ್ಲಿ ಚೀನಾ ಸರಕಾರ ಅಕ್ಷರಗಳನ್ನು ಸರಳ ಮಾಡಿದಾಗ ಮಿಂಚಿನ ಮಳೆ ಹಾರಿಹೋಯಿತು, ಮೋಡದ ಮಳೆಯೂ ಹೋಯಿತು. ಗುಡುಗನ್ನು ಮಾತ್ರ ಮುಟ್ಟಲಿಲ್ಲ. ಬೀಜಿಂಗ್, ತೈಪೆ, ತೋಕಿಯೋ ಮೂರೂ ಕಡೆ ಒಂದೇ ಆಕಾರ.

ಶಾಸ್ತ್ರಿ_ಅಲ್ಲ

ಗಾದೆಗಳೂ ಇರಬೇಕಲ್ಲ?

ಲಿಪಿಹುಚ್ಚ

ಬೇಕಾದಷ್ಟು. ಎರಡು ಮೂರು ಹೇಳುತ್ತೇನೆ. ‘ಗುಡುಗು ದೊಡ್ಡದು, ಹನಿ ಸಣ್ಣದು’ ಅಂದರೆ ಬಾಯಿ ಜೋರು, ಕೆಲಸ ಸೊನ್ನೆ. ‘ಒಣ ಗುಡುಗು, ಮಳೆಯಿಲ್ಲ’ ಅಂತ ಕಣ್ಣೀರಿಲ್ಲದೆ ಊಳಿಡುವ ಮಕ್ಕಳಿಗೆ ಅನ್ನುತ್ತಾರೆ. ಮಕ್ಕಳಿರುವ ಮನೆಗೆ ಬಹಳ ಉಪಯೋಗ.

ನನಗೆ ಎಲ್ಲಕ್ಕಿಂತ ಇಷ್ಟ ‘ಲೇಯ್ ತೋಂಗ್’, ಗುಡುಗಿನಂತೆ ಒಂದೇ. ಹಳೆಯ ‘ಲೀಜಿ’ ಗ್ರಂಥದ ಮಾತು: ಇನ್ನೊಬ್ಬರ ಮಾತು ಕದಿಯಬೇಡ, ಲೇಯ್ ತೋಂಗ್ ಆಗಬೇಡ. ಗುಡುಗಿದರೆ ಬೆಟ್ಟ ಬಯಲೆಲ್ಲ ಒಟ್ಟಿಗೆ ಮಾರುದನಿ ಕೊಡುತ್ತವೆ, ಹಾಗೆ ಯಾರೋ ಅಂದದ್ದನ್ನೇ ಅನ್ನಬೇಡ ಅಂತ. ಈಗ ಪರೀಕ್ಷೆಯಲ್ಲಿ ಇಬ್ಬರ ಉತ್ತರಪತ್ರಿಕೆ ಒಂದೇ ಥರ ಇದ್ದರೆ ಅದಕ್ಕೆ ಹೇಳುವುದೂ ಲೇಯ್ ತೋಂಗ್ ಪತ್ರಿಕೆ. ಕಾಪಿ ಹೊಡೆದವರು ಸಿಕ್ಕಿಬೀಳುವುದು ಗುಡುಗಿನಿಂದ.

ಪಾಸ್‌ವರ್ಡ್_ಮರೆತವ

ಶಿಯೋಮಿ ಫೋನಿನ ಲೇಯ್ ಜುನ್ ಕೂಡ ಇದೇ ಗುಡುಗಾ? 2015ರಲ್ಲಿ ದೆಹಲಿಯ ವೇದಿಕೆಯಲ್ಲಿ ‘ಆರ್ ಯೂ ಓಕೆ’ ಅಂತ ಕೇಳಿದವರು?

ಲಿಪಿಹುಚ್ಚ

ಅದೇ ಅಕ್ಷರ, ಅಲ್ಲಿ ಮನೆತನದ ಹೆಸರು. ಆ ಒಂದು ಮಾತನ್ನು ಅವರ ಊರಿನ ಹುಡುಗರು ಹಾಡು ಮಾಡಿ ಕುಣಿದರು. ದೆಹಲಿಯಲ್ಲಿ ಗುಡುಗಿದ್ದು ಚೀನಾದಲ್ಲಿ ಮಾರ್ದನಿಸಿತು ಅನ್ನಿ. ನಮ್ಮ ಕಡೆಯ ಹೆಸರಿಗೂ ಇದು ಬೀಳುತ್ತದೆ. ಚೀನೀ ಭಾಷೆಯಲ್ಲಿ ‘ರೆ’ ಎಂಬ ಉಚ್ಚಾರ ನಮ್ಮ ಹಾಗೆ ಇಲ್ಲ, ಹಾಗಾಗಿ ರೆಡ್ಡಿ ಅನ್ನುವುದನ್ನು ಸಾಮಾನ್ಯವಾಗಿ ‘ಲೇಯ್ ದೀ’ ಅಂತ ಬರೆಯುತ್ತಾರೆ. ನಮ್ಮ ರಾಷ್ಟ್ರಪತಿಯಾಗಿದ್ದ ನೀಲಂ ಸಂಜೀವ ರೆಡ್ಡಿ ಅವರ ಹೆಸರಿನಲ್ಲೂ ಗುಡುಗಿದೆ. ರೇಡಾರ್ ಕೂಡ ‘ಲೇಯ್ ದಾ’. ಅಲ್ಲಿ ಅರ್ಥ ಹುಡುಕಬೇಡಿ, ಬರೀ ಸದ್ದಿಗೆ ಇಟ್ಟದ್ದು.

ಚಿಕ್ಕಪೇಟೆ_ಲೈಟು

ನಮ್ಮ ಅಂಗಡಿ ಪಕ್ಕದಲ್ಲೇ ಒಬ್ಬ ರೆಡ್ಡಿ ಇದ್ದಾರೆ. ನಾಳೆ ಹೇಳಿದರೆ ಬೋರ್ಡೇ ಬದಲಾಯಿಸುತ್ತಾರೆ.

ಸಿಂಗಪುರದ_ಅಮ್ಮ

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು. ಬರೆಯುವ ಕ್ರಮ ಹೇಗೆ? ಮಗಳು ಡಬ್ಬಿಯಿಂದ ಶುರು ಮಾಡುತ್ತಿದ್ದಾಳೆ, ಟೀಚರ್ ಕೆಂಪು ಗೆರೆ ಹಾಕಿದ್ದಾರೆ.

ಲಿಪಿಹುಚ್ಚ

ಮಳೆ ಮೊದಲು. ಮೇಲೆ ಒಂದು ಅಡ್ಡಗೆರೆ. ಅದರ ಕೆಳಗೆ ಎಡಕ್ಕೆ ಒಂದು ಚಿಕ್ಕ ಇಳಿಗೆರೆ, ಅಲ್ಲಿಂದ ಬಲಕ್ಕೆ ಹೋಗಿ ಕೊಕ್ಕೆಯಂತೆ ಬಾಗುವ ಗೆರೆ. ನಡುವೆ ಮೇಲಿಂದ ಕೆಳಕ್ಕೆ ಒಂದು. ಎಡಕ್ಕೆ ಎರಡು ಹನಿ, ಬಲಕ್ಕೆ ಎರಡು. ಎಂಟಾಯಿತು. ಆಮೇಲೆ ಡಬ್ಬಿ: ಎಡ ಗೋಡೆ, ಮೇಲಿಂದ ಬಲಕ್ಕೆ ತಿರುಗುವ ಗೆರೆ, ಒಳಗೆ ಅಡ್ಡ, ಒಳಗೆ ಉದ್ದ, ಎಲ್ಲಕ್ಕಿಂತ ಕೊನೆಗೆ ತಳ. ತಳವನ್ನು ಮೊದಲೇ ಮುಚ್ಚಿದರೆ ಮತ್ತೆ ಕೆಂಪು ಗೆರೆ ಬೀಳುತ್ತದೆ. ಮಳೆಯನ್ನು ಸ್ವಲ್ಪ ಅಗಲವಾಗಿ, ಗಿಡ್ಡವಾಗಿ ಬರೆಯಲು ಹೇಳಿ. ಇಲ್ಲದಿದ್ದರೆ ಕೆಳಗೆ ಜಾಗ ಸಾಲದೆ ಡಬ್ಬಿ ಪಕ್ಕದ ಚೌಕಕ್ಕೆ ಇಳಿದುಬಿಡುತ್ತದೆ.